ಮಿಸ್ಟರ್ ಸ್ಯಾಮ್

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ರಾಜಕೀಯ ಅಂದ ಕೂಡಲೇ ನಮಗೆ ನೆನಪಾಗುವುದು ಅಧ್ಯಕ್ಷರ ಹೆಸರುಗಳು. ರೂಸ್‌ವೆಲ್ಟ್, ಟ್ರೂಮನ್, ಕೆನಡಿ. ಆದರೆ ಇವರೆಲ್ಲರೂ ತಮ್ಮ ಕಾನೂನು ಪಾಸಾಗಬೇಕಾದರೆ ಒಬ್ಬ ಮನುಷ್ಯನನ್ನು ನೆಚ್ಚಿಕೊಳ್ಳಬೇಕಿತ್ತು. ಅವರೇ ಟೆಕ್ಸಸ್‌ನ, ಡೆಮಾಕ್ರಟಿಕ್ ಪಕ್ಷದ ಸ್ಯಾಮ್ ರೇಬರ್ನ್. ಎಲ್ಲರ ಬಾಯಲ್ಲೂ ಮಿಸ್ಟರ್ ಸ್ಯಾಮ್. 1913ರಿಂದ 1961ರಲ್ಲಿ ಕಣ್ಣು ಮುಚ್ಚುವವರೆಗೆ, 48 ವರ್ಷಕ್ಕೂ ಜಾಸ್ತಿ ಕಾಲ ಅವರು ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿದ್ದರು. ಅದರಲ್ಲಿ ಬಿಟ್ಟು ಬಿಟ್ಟು ಒಟ್ಟು 17 ವರ್ಷ ಸ್ಪೀಕರ್ ಆಗಿದ್ದರು. ಆ ಕುರ್ಚಿಯಲ್ಲಿ ಅವರಷ್ಟು ಕಾಲ ಕೂತವರು ಬೇರೆ ಯಾರೂ ಇಲ್ಲ.

ನಮ್ಮಲ್ಲಿ ಸ್ಪೀಕರ್ ಅಂದರೆ ಪಕ್ಷವನ್ನು ಬದಿಗಿಟ್ಟು ಸದನ ನಡೆಸುವವರು, ಅಲ್ವಾ? ಅಲ್ಲಿ ಹಾಗಲ್ಲ. ಸದನ ನಡೆಸುವವರೂ ಅವರೇ, ಬಹುಮತದ ಪಕ್ಷದ ನಾಯಕರೂ ಅವರೇ.

ರೇಬರ್ನ್ ಹುಟ್ಟಿದ್ದು 1882ರಲ್ಲಿ, ಟೆನ್ನೆಸ್ಸಿಯಲ್ಲಿ. ಹನ್ನೊಂದು ಮಕ್ಕಳಲ್ಲಿ ಎಂಟನೆಯವರು. ಅವರಿಗೆ ಐದು ವರ್ಷವಾದಾಗ ಮನೆಯವರೆಲ್ಲ ಟೆಕ್ಸಸ್‌ನ ಫ್ಯಾನಿನ್ ಕೌಂಟಿಗೆ ಬಂದರು. 40 ಎಕರೆ ಹತ್ತಿ ಹೊಲ, ಸುತ್ತ ಯಾರೂ ಇಲ್ಲ. ಬೇಲಿ ಮೇಲೆ ಕೂತು, ಕುದುರೆ ಮೇಲೋ ಬಂಡಿಯಲ್ಲೋ ಯಾರಾದರೂ ಬರಬಾರದೇ ಅಂತ ದಾರಿ ಕಾಯುತ್ತಿದ್ದೆ ಎಂದು ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಕಾಲೇಜಿಗೆ ಹೊರಟ ದಿನ ಅಪ್ಪ ಕೈಗೆ 25 ಡಾಲರ್ ಇಟ್ಟರು. ಆ ಬಡತನದಲ್ಲಿ ಅಷ್ಟು ಹಣ ಹೇಗೆ ಉಳಿಸಿದ್ದರೋ ದೇವರೇ ಬಲ್ಲ ಅನ್ನುತ್ತಿದ್ದರು ಮಗ.

29ನೇ ವಯಸ್ಸಿಗೇ ಟೆಕ್ಸಸ್ ವಿಧಾನಸಭೆಯ ಸ್ಪೀಕರ್. ಆಮೇಲೆ ವಾಷಿಂಗ್ಟನ್. ಅಲ್ಲಿ ಹದಿನೆಂಟು ವರ್ಷ ಕಾದ ಮೇಲೆ, 1931ರಲ್ಲಿ, ವಾಣಿಜ್ಯ ಸಮಿತಿಯ ಅಧ್ಯಕ್ಷರಾದರು. ಷೇರುಪೇಟೆಯನ್ನು ಹದ್ದುಬಸ್ತಿಗೆ ತಂದ 1933 ಮತ್ತು 1934ರ ಕಾನೂನುಗಳು ಆ ಸಮಿತಿಯಿಂದಲೇ ಹೊರಬಂದವು. ಅಮೆರಿಕದ ರೇಡಿಯೋ ವ್ಯವಸ್ಥೆಗೆ ಅಡಿಪಾಯ ಹಾಕಿದ 1934ರ ಕಾನೂನಿಗೂ ಸದನದಲ್ಲಿ ಹೆಗಲು ಕೊಟ್ಟವರು ಇವರೇ.

ಆದರೆ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು 1936ರ ಗ್ರಾಮೀಣ ವಿದ್ಯುತ್ ಕಾನೂನು. ಆಗ ಅಲ್ಲಿ ಹತ್ತು ರೈತರ ಮನೆಗಳಲ್ಲಿ ಒಂಬತ್ತರಲ್ಲಿ ಕರೆಂಟ್ ಇರಲಿಲ್ಲ. ಹೆಂಗಸರು ಬಾವಿಯಿಂದ ನೀರು ಸೇದಬೇಕು. ಬೇಸಿಗೆಯ ಉರಿಯಲ್ಲೂ ಸೌದೆ ಒಲೆ ಹಚ್ಚಿ, ಕಬ್ಬಿಣದ ಇಸ್ತ್ರಿಪೆಟ್ಟಿಗೆ ಕಾಯಿಸಬೇಕು. ರಾತ್ರಿಗೆ ಸೀಮೆಎಣ್ಣೆ ದೀಪ. ದೂರದ ಹೊಲಗಳಿಗೆ ತಂತಿ ಎಳೆದರೆ ಲಾಭವಿಲ್ಲ ಎಂದು ಕಂಪನಿಗಳು ಸುಮ್ನೆ ಕೂತಿದ್ದವು. ನೆಬ್ರಾಸ್ಕದ ಸೆನೆಟರ್ ಜಾರ್ಜ್ ನಾರಿಸ್ ಜೊತೆ ಸೇರಿ ರೇಬರ್ನ್ ಈ ಕಾನೂನು ತಂದರು. ರೈತರ ಸಹಕಾರ ಸಂಘಗಳಿಗೆ ಸರ್ಕಾರದ ಸಾಲ ಸಿಕ್ಕಿತು, ತಂತಿ ಹೊಲ ಮುಟ್ಟಿತು. ಆ ಕಷ್ಟದಲ್ಲೇ ಬೆಳೆದವರು ಕಾನೂನು ಬರೆದರೆ ಅದು ಎಲ್ಲಿಗೆ ತಲುಪಬೇಕೋ ಅಲ್ಲಿಗೆ ತಲುಪುತ್ತದೆ.

1940ರಲ್ಲಿ ಸ್ಪೀಕರ್ ಆದರು. ಮಾರನೇ ವರ್ಷವೇ ದೊಡ್ಡ ಪರೀಕ್ಷೆ. ಯುರೋಪಿನಲ್ಲಿ ಯುದ್ಧ ನಡೆಯುತ್ತಿತ್ತು, ಅಮೆರಿಕ ಇನ್ನೂ ಹೊರಗಿತ್ತು. ಒಂದು ವರ್ಷಕ್ಕೆಂದು ಸೇನೆಗೆ ಕರೆಸಿದ ಹುಡುಗರನ್ನು ಇನ್ನೂ 18 ತಿಂಗಳು ಇಟ್ಟುಕೊಳ್ಳಬೇಕು ಎಂಬ ಮಸೂದೆ ಬಂತು. ಜನರಿಗೆ ಸಿಟ್ಟು, ಸದಸ್ಯರಿಗೆ ಭಯ. ರೇಬರ್ನ್ ಒಬ್ಬೊಬ್ಬರ ಹತ್ತಿರ ಹೋಗಿ ಮತ ಕೇಳಿದರು. ಆಗಸ್ಟ್ 12ರಂದು ಎಣಿಕೆ ಮುಗಿದಾಗ ಪರವಾಗಿ 203, ವಿರುದ್ಧ 202! ವಿರೋಧಿಗಳು ಮತ್ತೊಮ್ಮೆ ಲೆಕ್ಕ ನೋಡಿ ಎಂದರು. ರೇಬರ್ನ್ ನೋಡಲು ಬಿಟ್ಟರು, ಆದರೆ ಮತ ಬದಲಾಯಿಸಲು ಬಿಡಲಿಲ್ಲ. ಸುತ್ತಿಗೆ ಬಡಿದು ಮಸೂದೆ ಪಾಸಾಯಿತು ಎಂದು ಸಾರಿಬಿಟ್ಟರು. ನಾಲ್ಕು ತಿಂಗಳು ತುಂಬುವ ಮೊದಲೇ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬ್ ಬಿತ್ತು, ಅಮೆರಿಕ ಯುದ್ಧಕ್ಕಿಳಿಯಿತು. ಆ ಒಂದು ಮತ ಇಲ್ಲದಿದ್ದರೆ ತರಬೇತಿ ಪಡೆದ ಸೈನಿಕರಲ್ಲಿ ಹಲವರು ಆ ಹೊತ್ತಿಗೆ ಮನೆ ದಾರಿ ಹಿಡಿದಿರುತ್ತಿದ್ದರು.

ಅವರು ಕೇಳಿದರೆ ಜನ ಮತ ಹಾಕುತ್ತಿದ್ದುದು ಯಾಕೆ? ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲ, ಹಣಕ್ಕೆ ಬಗ್ಗುತ್ತಿರಲಿಲ್ಲ. ವಕೀಲರಾಗಿದ್ದಾಗಲೇ, ರೈಲ್ವೆ ಕಂಪನಿಯಿಂದ ಬಂದ ಫೀಸಿನಲ್ಲಿ ತಮ್ಮ ಪಾಲು ಬೇಡ ಎಂದವರು ಅವರು. ಸಂಜೆ ಸಂಸತ್ ಕಟ್ಟಡದ ಒಂದು ಪುಟ್ಟ ಕೋಣೆಯಲ್ಲಿ ಗೆಳೆಯರನ್ನು ಸೇರಿಸುತ್ತಿದ್ದರು. 1945ರ ಏಪ್ರಿಲ್ 12ರಂದು ಉಪಾಧ್ಯಕ್ಷ ಟ್ರೂಮನ್ ಅಲ್ಲಿಗೆ ಬಂದಿದ್ದಾಗಲೇ ಶ್ವೇತಭವನದಿಂದ ತುರ್ತು ಕರೆ ಬಂತು. ರೂಸ್‌ವೆಲ್ಟ್ ತೀರಿಹೋಗಿದ್ದರು.

ಒಂದು ಮಾತು ಮುಚ್ಚಿಡಬಾರದು. ಕರಿಯರ ಹಕ್ಕಿನ ವಿಷಯದಲ್ಲಿ ಅವರು ಬಹುಕಾಲ ದಕ್ಷಿಣ ರಾಜ್ಯಗಳ ಬಿಳಿಯರ ಕಡೆಗೇ ನಿಂತಿದ್ದರು. ಅದು ತಪ್ಪೇ. ಆದರೆ 1956ರಲ್ಲಿ, ಶಾಲೆಗಳಲ್ಲಿ ಕರಿಯರನ್ನೂ ಬಿಳಿಯರನ್ನೂ ಒಟ್ಟಿಗೆ ಕೂರಿಸುವುದರ ವಿರುದ್ಧ ದಕ್ಷಿಣದ ಸದಸ್ಯರು ಹೇಳಿಕೆ ಹೊರಡಿಸಿದಾಗ ಸಹಿ ಹಾಕಲಿಲ್ಲ. 1957ರಲ್ಲಿ ನಾಗರಿಕ ಹಕ್ಕುಗಳ ಕಾನೂನಿಗೆ ಬೆಂಬಲ ಕೊಟ್ಟರು. 1875ರ ನಂತರ ಅಂಥ ಕಾನೂನು ಬಂದಿದ್ದು ಅದೇ ಮೊದಲು.

ಕೊನೆಯ ಜಗಳ 1961ರ ಜನವರಿಯಲ್ಲಿ. ಯಾವ ಮಸೂದೆ ಸದನಕ್ಕೆ ಬರಬೇಕು ಅನ್ನುವುದು ನಿಯಮಗಳ ಸಮಿತಿಯ ಕೈಯಲ್ಲಿತ್ತು. ಆ ಸಮಿತಿಯ ಅಧ್ಯಕ್ಷರು, ಇಂಥ ಯೋಜನೆಗಳನ್ನು ಒಪ್ಪದ ವರ್ಜೀನಿಯಾದ ಹೊವರ್ಡ್ ಸ್ಮಿತ್. ಹನ್ನೆರಡು ಸದಸ್ಯರು ಆರು-ಆರಾಗಿ ಒಡೆದರೆ ಮಸೂದೆ ಅಲ್ಲೇ ಸತ್ತಂತೆ. ಹೊಸ ಅಧ್ಯಕ್ಷ ಕೆನಡಿಯವರ ಯೋಜನೆಗಳೆಲ್ಲ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ ಎಂದು ಗೊತ್ತಿದ್ದ ರೇಬರ್ನ್, ತಮ್ಮ ಕಡೆಗೆ ಬಹುಮತ ಸಿಗಲೆಂದು ಸಮಿತಿಯನ್ನು 15ಕ್ಕೆ ಏರಿಸಲು ಹೊರಟರು. ತಮ್ಮದೇ ಪಕ್ಷದ ಎಷ್ಟೋ ಜನ ತಿರುಗಿಬಿದ್ದರು. ಆದರೂ 217ಕ್ಕೆ 212 ಮತಗಳಿಂದ ಗೆದ್ದರು. ಆಗ ಅವರಿಗೆ 79 ವರ್ಷ. ಅದೇ ನವೆಂಬರ್ 16ರಂದು ತಮ್ಮೂರು ಬಾನಮ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ ಟ್ರೂಮನ್, ಐಸೆನ್‌ಹೋವರ್, ಕೆನಡಿ ಬಂದಿದ್ದರು. ರೇಬರ್ನ್ ರಾಜಕೀಯದಲ್ಲಿ ಮಗನಂತೆ ಬೆಳೆಸಿದ, ಆಗಿನ ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಕೂಡ ಇದ್ದರು. ಸಮಿತಿಗೆ ಹೆಚ್ಚಿಸಿದ ಮೂರು ಸ್ಥಾನಗಳನ್ನು 1963ರಲ್ಲಿ ಸದನ ಕಾಯಂ ಮಾಡಿತು.

ನಮಸ್ಕಾರ.