ಜೆಸ್ ಏಳುವ ಮುನ್ನ ಕಾವಲು

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ ತೆರೆಯುತ್ತದೆ. ಸಾಲಿಗೆ ಕಟ್ಟೆ ಕಟ್ಟುವುದು, ಪೊಲೀಸರನ್ನು ನಿಲ್ಲಿಸುವುದು ಎಲ್ಲವೂ ಬಾಗಿಲು ತೆರೆಯುವ ಮುನ್ನವೇ ಮುಗಿದಿರುತ್ತದೆ. ಬಹುಕಾಲ ಬೆಂಗಳೂರಿನಲ್ಲಿ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನ ಸಿಸ್ಟಂ ಪ್ರೋಗ್ರಾಮರ್ ಆಗಿದ್ದು ಊರಿಗೆ ಮರಳಿರುವ ನಾನು, ಇಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಲು ಬಂದಿರುವುದೂ ಅದನ್ನೇ: ಯಂತ್ರ ಏಳುವಾಗ ಮೊದಲು ಕಾವಲು ಏಳಬೇಕು, ಆಮೇಲೆ ಕೆಲಸ.

ಮೇನ್‌ಫ್ರೇಮನ್ನು ಚಾಲೂ ಮಾಡುವುದಕ್ಕೆ ಐಪಿಎಲ್ ಎನ್ನುತ್ತೇವೆ; ಕ್ರಿಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಯಾರು ಯಾವ ಕಡತ ಮುಟ್ಟಬಹುದೆಂದು ನೋಡುವ ಕಾವಲು ತಂತ್ರಾಂಶಗಳಲ್ಲಿ 1976ರಲ್ಲಿ ಬಂದ ಐಬಿಎಂನ ರ‍್ಯಾಕ್‌ಎಫ್ ವ್ಯವಸ್ಥೆಯ ಜೊತೆಯಲ್ಲಿಯೇ ಬೇಗ ಏಳುತ್ತದೆ. ಎಸಿಎಫ್2, ಟಾಪ್ ಸೀಕ್ರೆಟ್ ಎಂಬ ಬೇರೆ ಕಾವಲು ತಂತ್ರಾಂಶಗಳನ್ನು ಮಾತ್ರ ಹಲವೆಡೆ ನಾವು ಆಜ್ಞೆ ಕೊಟ್ಟು ಎಬ್ಬಿಸಬೇಕಾಗುತ್ತದೆ. ಎಡವುವುದು ಅಲ್ಲಿಯೇ.

ನಾನು ಕೆಲಸಕ್ಕಿದ್ದ ಒಂದು ಕಡೆ, ಭಾನುವಾರ ನಡುರಾತ್ರಿ ಐಪಿಎಲ್ ಮುಗಿಸಿ ಎಲ್ಲರೂ ಕಾಫಿ ಕುಡಿದು ಮನೆಗೆ ಹೋದೆವು. ಬೆಳಿಗ್ಗೆ ಏಳಕ್ಕೆ ಫೋನು ಬಂದಿತು: ಕಡತ ಸಾಗಿಸುವ ಹಿನ್ನೆಲೆಯ ಪ್ರೋಗ್ರಾಮಿಗೆ, ಅಂದರೆ ಟಾಸ್ಕ್‌ಗೆ ಯಾವ ಕಡತವನ್ನೂ ಓದಲಾಗುತ್ತಿಲ್ಲ, 'ಅನುಮತಿ ಇಲ್ಲ' ಎಂಬ ಸಂದೇಶ ಸಾಲುಸಾಲಾಗಿ ಬೀಳುತ್ತಿದೆ. ಅನುಮತಿಗಳನ್ನು ಮೂರು ತಾಸು ಜಾಲಾಡಿದೆವು, ಒಂದೂ ತಪ್ಪಿರಲಿಲ್ಲ. ಹಿರಿಯರೊಬ್ಬರು, "ಅನುಮತಿ ಬಿಡಿ ಮಾರಾಯರೇ, ಲಾಗ್‌ನಲ್ಲಿ ಗಂಟೆ ನೋಡಿ" ಎಂದರು. ಟಾಸ್ಕ್ ಎದ್ದದ್ದು 2 ಗಂಟೆ 14 ನಿಮಿಷ 7 ಸೆಕೆಂಡಿಗೆ. ಕಾವಲು ಎದ್ದದ್ದು 31ನೆಯ ಸೆಕೆಂಡಿಗೆ. ಆ 24 ಸೆಕೆಂಡಿನಲ್ಲಿ ಒಳಗೆ ಬಂದವನ ಹೆಸರು ಬರೆದುಕೊಳ್ಳುವವರು ಯಾರೂ ಇರಲಿಲ್ಲ. ಕಾವಲುಗಾರ ಬಂದ ಮೇಲೆ, ಮೊದಲೇ ಒಳಗಿದ್ದವನನ್ನು ಕರೆದು ಗುರುತಿನ ಚೀಟಿ ಕೊಡುವುದಿಲ್ಲ. ಅವನು ಅನಾಮಧೇಯನಾಗಿಯೇ ಉಳಿಯುತ್ತಾನೆ. ಟಾಸ್ಕನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದೆವು. ಎರಡು ನಿಮಿಷದ ಕೆಲಸ.

ಇದಕ್ಕೆ ಕಾರಣ ಆರಂಭದ ಆಜ್ಞೆಗಳ ಪಟ್ಟಿ. ಬಂದವರೆಲ್ಲ ಅದಕ್ಕೊಂದು ಸಾಲು ಸೇರಿಸಿದ್ದರು. ಕಾವಲಿನ ಸಾಲನ್ನು ಮೇಲಕ್ಕೆ ಬರೆದರೆ ಸಾಕೆಂದು ಈಗಲೂ ವಾದಿಸುವವರಿದ್ದಾರೆ. ನನಗೆ ತಾಳ್ಮೆ ಕೆಡುವುದು ಇಲ್ಲಿಯೇ. ಬರೆದ ಕ್ರಮದಲ್ಲಿಯೇ ಟಾಸ್ಕ್‌ಗಳು ಎದ್ದು ಸಿದ್ಧವಾಗುತ್ತವೆ ಎಂಬ ಭರವಸೆ ಇಲ್ಲ. ಕೆಲಸಗಳನ್ನು ಹಂಚುವ ಜೆಸ್2 ಕೂಡ ಗುರುತು ಬೇಕಾದ ಒಂದು ಟಾಸ್ಕೇ. ಆದ್ದರಿಂದ ಕಾವಲನ್ನು ಜೆಸ್‌ನ ಕೈಗೆ ಕೊಡದೆ, 'ಸಬ್ ಈಕ್ವಲ್ ಎಂಎಸ್‌ಟಿಆರ್' ಎಂದು ಆರಂಭದ ಆಜ್ಞೆಯಲ್ಲಿ ಬರೆದು, ಜೆಸ್‌ಗಿಂತ ಮೊದಲೇ ಎದ್ದಿರುವ ಮಾಸ್ಟರ್ ಅಡಿಯಲ್ಲಿ ಎಬ್ಬಿಸಿ, ಅದು ಸಿದ್ಧವಾಯಿತೆಂಬ ಸಂದೇಶ ಬಂದ ನಂತರವೇ ಜೆಸ್2ನ್ನು, ಅದರ ಹಿಂದೆ ಉಳಿದವನ್ನು ಬಿಡಬೇಕು. ಮೊದಲು ಕಾವಲು, ಆಮೇಲೆ ಜೆಸ್.

ಹೀಗೆ ಎದ್ದ ಟಾಸ್ಕ್‌ಗೆ ಜೆಸ್‌ನ ಸ್ಪೂಲ್, ಅಂದರೆ ಕೆಲಸಗಳನ್ನೂ ಅವುಗಳ ಫಲಿತಾಂಶವನ್ನೂ ಕೂಡಿಡುವ ಡಿಸ್ಕಿನ ಜಾಗ, ಸಿಗುವುದಿಲ್ಲ; ಆ ಟಾಸ್ಕಿನ ಪ್ರೊಸೀಜರ್, ಅಂದರೆ ಅದನ್ನು ಎಬ್ಬಿಸುವ ಸೂಚನೆಗಳು, ಮಾಸ್ಟರ್ ಓದುವ ಲೈಬ್ರರಿಯಲ್ಲಿಯೇ ಇರಬೇಕು. ಕಾವಲಿನ ಡೇಟಾಬೇಸಿಗೆ ಬದಲಿ ಪ್ರತಿ ಇಡುವ ವಿಷಯವನ್ನೂ ಹೇಳಬೇಕೆಂದಿದ್ದೆ. ಆದರೆ ಗಾಜಿನಾಚೆಯಿಂದ ಸಮಯವಾಯಿತೆಂದು ಕೈ ತೋರಿಸುತ್ತಿದ್ದಾರೆ. ಮುಂದಿನ ಐಪಿಎಲ್ ಆದ ಬೆಳಿಗ್ಗೆ ಲಾಗ್ ತೆರೆದು, ಕಾವಲು ಎದ್ದ ಹೊತ್ತು ಮತ್ತು ಜೆಸ್ ಎದ್ದ ಹೊತ್ತು, ಈ ಎರಡು ಸಾಲನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ನಮಸ್ಕಾರ.