ಎರಡು ಅಜ್ಜಿಮನೆ, ಒಂದು ಮಗು, ಹಲವು ದೇವರು

ನಮಸ್ಕಾರ. ಮಕ್ಕಳಿಗೆ ದೇವರು, ಧರ್ಮ, ಅಧ್ಯಾತ್ಮಗಳ ಪರಿಚಯ ಮಾಡಿಕೊಡಬೇಕೇ, ಮಾಡಿಕೊಡುವುದಾದರೆ ಯಾವಾಗ, ಯಾರ ಬಾಯಿಂದ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಮಗಳು ಹುಟ್ಟುವುದಕ್ಕೂ ಮೊದಲೇ ಎದ್ದಿತ್ತು. ನನ್ನ ತವರು ಕೊಪ್ಪದ ಕಡೆಯ ಸ್ಮಾರ್ತ ಬ್ರಾಹ್ಮಣರ ಮನೆ. ಪತಿಯದು ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಲಿಂಗಾಯತ ಕುಟುಂಬ. ಬೆಂಗಳೂರಿನಲ್ಲಿ ನೆಲೆಸಿರುವ ನಾವಿಬ್ಬರೂ ಹಬ್ಬಹರಿದಿನಗಳನ್ನು ಬಿಟ್ಟರೆ ದೇವರ ಕೋಣೆಯತ್ತ ಅಷ್ಟಾಗಿ ಸುಳಿಯುವವರಲ್ಲ.

ಈಗೇನೂ ಹೇಳಿಕೊಡಬೇಡಿ, ದೊಡ್ಡವಳಾದ ಮೇಲೆ ತನಗೆ ಬೇಕಾದುದನ್ನು ಅವಳೇ ಆರಿಸಿಕೊಳ್ಳಲಿ ಎಂದು ಗೆಳೆಯರು ಸಲಹೆ ಕೊಟ್ಟರು. ಕೇಳಲು ಇದು ಉದಾರವಾಗಿ ತೋರುತ್ತದೆ, ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ನಾವು ಸುಮ್ಮನಿದ್ದ ಮಾತ್ರಕ್ಕೆ ಮಗುವಿನ ಸುತ್ತಲಿನ ಲೋಕ ಸುಮ್ಮನಿರುವುದಿಲ್ಲ. ಯಾವ ದೇವರು ಹೆಚ್ಚು, ಯಾರ ಮನೆಯಲ್ಲಿ ಏನು ತಿನ್ನಬಾರದು ಎಂಬುದನ್ನೆಲ್ಲ ಶಾಲಾ ವಾಹನದ ಹಿಂದಿನ ಸೀಟು ಬಹಳ ಬೇಗ ಕಲಿಸಿಬಿಡುತ್ತದೆ. ಸರ್ಕಾರಿ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ, ಅದು ಸರಿಯಾಗಿಯೇ ಇದೆ. ಹಾಗಾಗಿ ಈ ಕೆಲಸ ಮನೆಯವರ ಪಾಲಿಗೆ ಉಳಿಯುತ್ತದೆ. ಇನ್ನೊಂದು ಮಾತೂ ಇದೆ: ಪುರಾಣಗಳ ಪರಿಚಯವೇ ಇಲ್ಲದೆ ಬೆಳೆದ ಮಗುವಿಗೆ ಯಕ್ಷಗಾನ, ವಚನ, ದಾಸರ ಪದಗಳಲ್ಲಿ ಯಾವುದೂ ದಕ್ಕುವುದಿಲ್ಲ. ನಂಬಲಿ, ಬಿಡಲಿ, ಕನ್ನಡದಲ್ಲಿ ಬಾಳುವವರಿಗೆ ಇಷ್ಟಾದರೂ ಗೊತ್ತಿರಬೇಕು ಎಂಬುದು ನನ್ನ ನಿಲುವು.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದಿದ್ದೇನೆ. ಊಟ ಮಾಡದಿದ್ದರೆ ಚಾಮಿ ಕಣ್ಣು ಕೀಳುತ್ತದೆ ಎಂಬ ಬೆದರಿಕೆ ನಮ್ಮ ಮನೆಯಲ್ಲಿ ನಿಷಿದ್ಧ. ದೇವರನ್ನು ಮನೆಯ ಪೊಲೀಸನನ್ನಾಗಿ ನೇಮಿಸಿಕೊಂಡರೆ ದೊಡ್ಡವರ ಕೆಲಸ ಹಗುರವಾಗುವುದು ನಿಜ, ಆದರೆ ಮುಂದೆ ಮಗು ಆ ದೇವರಿಂದ ತಪ್ಪಿಸಿಕೊಳ್ಳುವ ದಾರಿಗಳನ್ನಷ್ಟೇ ಕಲಿಯುತ್ತದೆ.

ಈಗ ಪರದೆಯ ಮೇಲೆ ಕಾಣುತ್ತಿರುವುದು ಶೃಂಗೇರಿಯ ತುಂಗಾತೀರ. ಮಗಳ ಅಕ್ಷರಾಭ್ಯಾಸ ಶಾರದಾಂಬೆಯ ಸನ್ನಿಧಿಯಲ್ಲೇ ಆಗಬೇಕೆಂಬುದು ನನ್ನ ಅಮ್ಮನ ಆಸೆಯಾಗಿತ್ತು. ಸ್ಲೇಟಿನ ಮೇಲೆ ಅಮ್ಮ ಕೈಹಿಡಿದು ಬರೆಸಿದ ಅಕ್ಷರಕ್ಕಿಂತ ಹೊಳೆಯ ಮೆಟ್ಟಿಲ ಬಳಿ ಮಂಡಕ್ಕಿಗೆ ಮುಗಿಬೀಳುವ ದೊಡ್ಡ ದೊಡ್ಡ ಮೀನುಗಳೇ ಅವಳ ನೆನಪಿನಲ್ಲಿ ಉಳಿದಿವೆ. ಅಮ್ಮನಿಗೆ ಇದು ಕೊಂಚ ಬೇಸರ. ನನಗಂತೂ ಅಲ್ಲಿ ಮೀನು ಹಿಡಿಯುವಂತಿಲ್ಲ ಎಂಬ ನಿಯಮವನ್ನು ಅವಳು ಕಣ್ಣಾರೆ ಕಂಡದ್ದೇ ಒಳ್ಳೆಯ ಮೊದಲ ಪಾಠವೆನಿಸಿತು. ಅಲ್ಲೇ ಕಪ್ಪೆ ಶಂಕರದ ಬಳಿ, ಪ್ರಸವ ವೇದನೆಯಲ್ಲಿದ್ದ ಕಪ್ಪೆಗೆ ಹಾವೊಂದು ಹೆಡೆಯೆತ್ತಿ ನೆರಳು ನೀಡುತ್ತಿದ್ದುದನ್ನು ಕಂಡು ಶಂಕರಾಚಾರ್ಯರು ಆ ನೆಲವನ್ನು ಆರಿಸಿಕೊಂಡರೆಂಬ ಐತಿಹ್ಯವನ್ನು ಅಮ್ಮ ಹೇಳಿದಾಗ, ಆಮೇಲೆ ಹಾವು ಊಟಕ್ಕೆ ಏನು ಮಾಡಿತು ಎಂದು ಮಗಳು ಕೇಳಿದಳು. ಅಮ್ಮ ಗದರಲಿಲ್ಲ, ಅಂದು ಉಪವಾಸವಿದ್ದಿರಬೇಕು ಎಂದರು.

ಕಷ್ಟದ ಪ್ರಶ್ನೆ ಬಂದದ್ದು ನನ್ನ ಅಣ್ಣನ ಮಗನ ಉಪನಯನದಲ್ಲಿ. ಮಾತೃಭೋಜನ, ಬ್ರಹ್ಮೋಪದೇಶಗಳು ಮುಗಿದು, ವಟು ಜೋಳಿಗೆ ಹಿಡಿದು ಭವತಿ ಭಿಕ್ಷಾಂ ದೇಹಿ ಎನ್ನುತ್ತ ಬಂದಾಗ ಅಕ್ಕಿ ಹಾಕುವ ಹೆಂಗಸರ ಸಾಲಿನಲ್ಲಿ ನನ್ನ ಸೆರಗು ಹಿಡಿದು ನಿಂತಿದ್ದ ಮಗಳು, ಇದೆಲ್ಲ ನನಗೆ ಯಾವಾಗ ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದಳು. ಹೆಣ್ಣುಮಕ್ಕಳಿಗೆ ಇಲ್ಲ ಎಂದರು ಪುರೋಹಿತರು. ಏಕೆ ಎಂಬುದಕ್ಕೆ ಅವರು ಕೊಟ್ಟ ಉತ್ತರ ಅವಳಿಗೂ ಅರ್ಥವಾಗಲಿಲ್ಲ, ನನಗೂ ಅರ್ಥವಾಗಲಿಲ್ಲ.

ಅದಕ್ಕೆ ಉತ್ತರ ಸಿಕ್ಕಿದ್ದು ಲಿಂಗಸುಗೂರಿನ ಅಜ್ಜಿಯಿಂದ. ಬಾಲಕ ಬಸವಣ್ಣ ತನಗೆ ಜನಿವಾರ ಹಾಕಲು ಬಂದಾಗ, ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರ ನನಗೇಕೆ ಎಂದು ಕೇಳಿ ಮನೆಬಿಟ್ಟು ಹೊರಟನೆಂಬ ಕಥೆಯನ್ನು ಅತ್ತೆ, ತಾವೇ ಆ ಮಂಟಪದಲ್ಲಿ ಇದ್ದವರಂತೆ, ರಾಗವಾಗಿ ಹೇಳಿದರು. ತನ್ನ ಪ್ರಶ್ನೆಯನ್ನು 12ನೇ ಶತಮಾನದಲ್ಲೇ ಯಾರೋ ಕೇಳಿದ್ದರೆಂದು ತಿಳಿದು ಮಗಳ ಮುಖ ಅರಳಿದ್ದನ್ನು ನೋಡಿದಾಗ ನನ್ನ ಗೊಂದಲ ಅರ್ಧ ಕಳೆಯಿತು. ಈ ನೆಲದಲ್ಲಿ ಭಕ್ತಿಯ ಜೊತೆಯಲ್ಲೇ ತಕರಾರೂ ಬೆಳೆದು ಬಂದಿದೆ. ಮಕ್ಕಳಿಗೆ ಒಂದನ್ನು ಕೊಟ್ಟು ಇನ್ನೊಂದನ್ನು ಮುಚ್ಚಿಡುವುದು ಧರ್ಮದ ಅರ್ಧ ಭಾಗವನ್ನಷ್ಟೇ ಕೊಟ್ಟಂತೆ.

ಅತ್ತೆಯ ಪೂಜೆಯನ್ನು ಚಿತ್ರೀಕರಿಸಲು ಅವರು ಒಪ್ಪಲಿಲ್ಲ. ಆದ್ದರಿಂದ ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಧರಿಸುವ, ಶಿವದಾರ ಸಹಿತವಾದ ಬೆಳ್ಳಿಯ ಕರಡಿಗೆಯನ್ನು ಮಾತ್ರ ಇಲ್ಲಿ ತೋರಿಸುತ್ತಿದ್ದೇನೆ. ಬೆಳಗಿನ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಅದನ್ನೇ ದಿಟ್ಟಿಸುತ್ತ ಕುಳಿತ ಅಜ್ಜಿಯ ಪಕ್ಕದಲ್ಲಿ ಮಗಳು ತಾನಾಗಿಯೇ ಹೋಗಿ ಕೂರುತ್ತಾಳೆ, ಬೇಸರವಾದರೆ ಎದ್ದು ಬರುತ್ತಾಳೆ. ಕೂರು ಎಂದೂ ಯಾರೂ ಹೇಳುವುದಿಲ್ಲ, ಏಳಬೇಡ ಎಂದೂ ಹೇಳುವುದಿಲ್ಲ. ಮಕ್ಕಳಿಗಾಗಿ ನಡೆಯುವ ಧ್ಯಾನ ಶಿಬಿರಗಳಿಗಿಂತ ಇದೇ ಮೇಲು ಎಂದು ನನಗೆ ಅನಿಸಿದೆ. ಅದೇ ಅತ್ತೆ ಮೊಹರಂ ಬಂದಾಗ ಮುದಗಲ್ಲಿಗೆ ಹೋಗಿ ಅಲೈ ದೇವರಿಗೆ ಸಕ್ಕರೆ ಓದಿಸಿಕೊಂಡು ಬರುತ್ತಾರೆ, ಮೊಮ್ಮಗಳ ಕೈಗೆ ಲಾಡಿಯನ್ನೂ ಕಟ್ಟುತ್ತಾರೆ. ನೆರೆಯವರ ಧರ್ಮದ ಪರಿಚಯಕ್ಕೆ ನಾನು ತಂದುಕೊಟ್ಟ ಚಿತ್ರಪುಸ್ತಕಗಳು ಈ ಕೆಂಪು ದಾರದಷ್ಟು ಕೆಲಸ ಮಾಡಿಲ್ಲ.

ಎರಡು ಮನೆಗಳ ನಂಬಿಕೆ ಎಲ್ಲ ಕಡೆಯೂ ಹೊಂದಿಕೊಳ್ಳುವುದಿಲ್ಲ ಎಂಬುದೂ ಮಗುವಿಗೆ ಗೊತ್ತಿದೆ. ನನ್ನ ತಂದೆಯ ಶ್ರಾದ್ಧದಲ್ಲಿ ಪಿಂಡ ಮುಟ್ಟಲು ಕಾಗೆಗಾಗಿ ಕಾಯುತ್ತೇವೆ. ಮಾವನವರನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡಿ ಲಿಂಗೈಕ್ಯರಾದರು ಎಂದರು. ಹಾಗಾದರೆ ಒಬ್ಬ ತಾತ ಬರುತ್ತಾರೆ, ಇನ್ನೊಬ್ಬರು ಬರುವುದಿಲ್ಲವೇ ಎಂದು ಅವಳು ಕೇಳಿದಾಗ, ಒಂದು ಮನೆಯವರು ಹೀಗೆ ನಂಬುತ್ತಾರೆ, ಇನ್ನೊಂದು ಮನೆಯವರು ಹಾಗೆ ನಂಬುತ್ತಾರೆ, ನನಗೆ ತಿಳಿಯದು ಎಂದೆ. ತಿಳಿಯದು ಎಂದು ತಾಯಿ ಹೇಳಿದರೆ ಮಗು ಹೆದರುತ್ತದೆ ಎನ್ನುವವರಿದ್ದಾರೆ. ಅವಳು ಹೆದರಲಿಲ್ಲ, ಕಾಗೆಗೆ ಎರಡನೆಯ ತುತ್ತು ಇಡಬಹುದೇ ಎಂದಳು.

ಇತ್ಯರ್ಥವಾಗದೆ ಉಳಿದಿರುವುದು ಲಿಂಗದೀಕ್ಷೆ. ಸಂಪ್ರದಾಯದಂತೆ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ. ಹೆಣ್ಣು ಗಂಡೆಂಬ ಭೇದ ಅಲ್ಲಿಲ್ಲ. ಅವಳಾಗಿ ಕೇಳುವವರೆಗೆ ಬೇಡವೆಂದು ನಾನು ತಡೆದಿದ್ದೇನೆ. ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿಯೂ ಮಗುವಿನ ಧಾರ್ಮಿಕ ಸ್ವಾತಂತ್ರ್ಯವನ್ನು ಮನ್ನಿಸಿ, ಅದರ ಬೆಳೆಯುವ ಶಕ್ತಿಗೆ ತಕ್ಕಂತೆ ಮಾರ್ಗದರ್ಶನ ಮಾಡುವ ಹಕ್ಕನ್ನು ತಂದೆತಾಯಿಗೆ ಕೊಟ್ಟಿದೆ ಎಂದು ಅತ್ತೆಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಲಿಂಗ ಕಟ್ಟಿಕೊಂಡ ಮೇಲೂ ಪ್ರಶ್ನೆ ಕೇಳಬಹುದಲ್ಲ ತಂಗಿ, ಬ್ಯಾಡಂದವರು ಯಾರು ಎಂದರು. ಪತಿ ಈಗ ಅವರ ಪರ ವಾಲಿದ್ದಾರೆ. ಬೇಸಿಗೆ ರಜೆಯಲ್ಲಿ ಲಿಂಗಸುಗೂರಿಗೆ ಹೋದಾಗ ಈ ಮಾತು ಮತ್ತೆ ಬರಲಿದೆ, ಈ ಸಲ ಮಗಳನ್ನೂ ಕೂರಿಸಿಕೊಂಡೇ ಮಾತಾಡುವುದೆಂದು ತೀರ್ಮಾನವಾಗಿದೆ.