ನವನಗರದ ಮನೆ, ಐದು ಕಂಪ್ಯೂಟರ್, ಅಟ್ಟದ ಮೇಲೊಂದು ಡಿಸ್ಕ್

ನಮಸ್ಕಾರ್ರೀ ಎಲ್ಲರಿಗೂ, ಬಾಗಲಕೋಟೆ ನವನಗರದಿಂದ. ಕ್ಯಾಮೆರಾ ಈಗ ಅಟ್ಟದ ಕಡೆ ತಿರುಗಿದೆ. ಟ್ರಂಕ್ ಪಕ್ಕದಲ್ಲಿ ಹಸಿರು ದೀಪ ಮಿಣುಕುವ ಸಣ್ಣ ಡಬ್ಬಿ ಕಾಣುತ್ತಿದೆಯಲ್ಲ, ಅದು ರಾಸ್ಪ್‌ಬೆರಿ ಪೈ 4, ಅಂಗೈಯಗಲದ ಒಂದು ಕಂಪ್ಯೂಟರ್. ಪಕ್ಕದಲ್ಲಿರುವುದು ಯುಎಸ್‌ಬಿ ಡಿಸ್ಕ್. ಮನೆಯ ಐದು ಕಂಪ್ಯೂಟರ್‌ಗಳಲ್ಲಿ ಅದೊಂದನ್ನು ಮಾತ್ರ ಯಾರೂ ಮುಟ್ಟುವ ಹಾಗಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮನೆಯವರೆಲ್ಲ ಫೈಲ್ ಹಂಚಿಕೊಳ್ಳುವುದು ಹೇಗೆ, ಅವು ಕಳೆಯದಂತೆ ಕಾಯುವುದು ಹೇಗೆ, ಇವತ್ತಿನ ವಿಷಯ ಅದೇ. ಮೊದಲು ಕೆಳಗೆ ಇಳಿಯೋಣ.

ವೈನಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾರೆ. ಅವರ ಲ್ಯಾಪ್‌ಟಾಪ್ ತುಂಬ ಸೀರೆ ಫೋಟೊ. ಗೋಮಿ ದಡಿಗೆ ಒಂದು ಫೋಲ್ಡರ್, ಚಿಕ್ಕಿ ಪರಾಸಕ್ಕೆ ಒಂದು, ಗಾಡಿ ದಡಿಗೆ ಒಂದು. ಲೆಕ್ಕ ನೋಡುವುದು ಅಣ್ಣ, ಅವನ ಕಂಪ್ಯೂಟರ್‌ನಲ್ಲಿ. ಫೋಟೊ ತಿದ್ದುವುದು ನಾನು, ನನ್ನದರಲ್ಲಿ. ಇನ್ನು ಅಪ್ಪನ ಹತ್ತಿರ ಹಳೇ ಬಾಗಲಕೋಟೆಯ ಫೋಟೊಗಳಿವೆ. ಆಲಮಟ್ಟಿ ಅಣೆಕಟ್ಟು ಕಟ್ಟಿದ್ದು ಕೃಷ್ಣೆಗೆ, ಆದರೆ ಹಿನ್ನೀರು ಘಟಪ್ರಭೆಯಲ್ಲಿ ಏರಿ ನಮ್ಮ ಊರಿಗೂ ಬಂತು. ನಮ್ಮ ಮನೆ, ಓಣಿ ಎಲ್ಲ ಮುಳುಗಡೆ ಆಯಿತು. ಈಗ ಅಲ್ಲಿ ಹೋಗಿ ಮತ್ತೆ ಫೋಟೊ ತೆಗೆಯಲು ಏನೂ ಇಲ್ಲ. ಹಾಗಾಗಿ ಒಂದೊಂದನ್ನೂ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿ ಇಟ್ಟಿದ್ದೇವೆ. ನಾಲ್ಕು ಇಂಚು, ಆರು ಇಂಚಿನ ಬಣ್ಣದ ಫೋಟೊ ಆದರೆ ಕುಗ್ಗಿಸದ ಟಿಫ್ ಫೈಲ್ ಸುಮಾರು 26 ಎಂಬಿ ಆಗುತ್ತದೆ. ಅಂಥವು ಸಾವಿರ ಇದ್ದರೆ 26 ಜಿಬಿ. ಅದನ್ನು ಪೆನ್‌ಡ್ರೈವ್‌ನಲ್ಲಿ ಈ ಕೋಣೆಯಿಂದ ಆ ಕೋಣೆಗೆ ಹೊತ್ತು ತಿರುಗುವುದು ಬೇಡವೇ ಬೇಡ. ಮದುವೆ ವಿಡಿಯೋ ಆದರೆ ಇನ್ನೊಂದು ತಕರಾರು. ಫ್ಯಾಟ್32 ಫಾರ್ಮ್ಯಾಟ್‌ನ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಇಲ್ಲಿ ನೋಡಿ, ಅಪ್ಪ ಬಿಟ್ಟ ಹಳೇ ಡೆಸ್ಕ್‌ಟಾಪ್. ಇದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಸಾಂಬಾ ಅನ್ನುವ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ, 'ಮನೆ' ಅಂತ ಒಂದು ಫೋಲ್ಡರ್ ಹಂಚಿದ್ದೇನೆ. ನಮ್ಮ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಅದು ಝಡ್ ಡ್ರೈವ್ ಅಂತ ಕಾಣುತ್ತದೆ. ವಿಂಡೋಸ್ ಕಂಪ್ಯೂಟರ್‌ಗಳು ತಮ್ಮ ತಮ್ಮಲ್ಲಿ ಫೈಲ್ ಹಂಚಿಕೊಳ್ಳುವ ಭಾಷೆ ಎಸ್‌ಎಂಬಿ. ಅದನ್ನೇ ಲಿನಕ್ಸ್‌ಗೆ ಕಲಿಸುವುದು ಸಾಂಬಾ ಕೆಲಸ. ಲಿನಕ್ಸ್ ಯೂಸರ್‌ನ ಪಾಸ್‌ವರ್ಡ್ ಬೇರೆ, ಸಾಂಬಾ ಪಾಸ್‌ವರ್ಡ್ ಬೇರೆ, ಇದು ನೆನಪಿರಲಿ. 'ಪಾಸ್‌ವರ್ಡ್ ಸರಿ ಇದೆ, ಆದರೂ ಒಳಗೆ ಬಿಡ್ತಿಲ್ಲ' ಅಂತ ತಲೆ ಕೆರೆದುಕೊಳ್ಳುವವರು ಜಾಸ್ತಿ ಇಲ್ಲೇ ಸಿಕ್ಕಿಬೀಳುತ್ತಾರೆ.

ಪಾಸ್‌ವರ್ಡ್ ಯಾಕೆ ಬೇಕು, ನಮ್ಮ ಮನೆ ತಾನೆ? ಅಣ್ಣನೂ ಇದನ್ನೇ ಕೇಳಿದ. ಮೊದಲನೆಯದಾಗಿ, ವಿಂಡೋಸೇ ಈಗ ಬಿಡುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊನಲ್ಲೂ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಸಂಪರ್ಕ ತಾನಾಗಿಯೇ ಬಂದ್. ಆಗ ಹುಡುಕಿದರೆ ಕೆಲವರು ಒಂದು ಸುಲಭದ ದಾರಿ ಹೇಳುತ್ತಾರೆ. 'ಹಳೇ ಎಸ್‌ಎಂಬಿ 1 ಆನ್ ಮಾಡಿ, ಎಲ್ಲ ಸರಿಹೋಗುತ್ತೆ.' ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ರಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್, ಲೋಕವೆಲ್ಲ ಹರಡಿದ್ದು ಆ ಎಸ್‌ಎಂಬಿ 1ರ ತೂತಿನಿಂದಲೇ. ಮೈಕ್ರೋಸಾಫ್ಟ್ ಆ ತೂತು ಮುಚ್ಚುವ ಪ್ಯಾಚ್ ಕೊಟ್ಟದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಒಬ್ಬೊಬ್ಬರಿಗೆ ಒಂದು ಯೂಸರ್, ಒಂದು ಪಾಸ್‌ವರ್ಡ್ ಕೊಡಲು ಹತ್ತು ನಿಮಿಷ ಸಾಕು.

ವಿಂಡೋಸ್‌ನಲ್ಲಿ ಇನ್ನೊಂದನ್ನು ನೋಡಿಕೊಳ್ಳಿ. ಮನೆಯ ವೈಫೈ 'ಪಬ್ಲಿಕ್' ಅಂತ ಇದ್ದರೆ 'ಪ್ರೈವೇಟ್' ಮಾಡಿ. ಆಮೇಲೆ ರೌಟರ್‌ಗೆ ಹೋಗಿ ಡೆಸ್ಕ್‌ಟಾಪ್‌ಗೆ ಯಾವಾಗಲೂ ಒಂದೇ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ಅಡ್ರೆಸ್, ಸಿಗುವಂತೆ ಕಟ್ಟಿಹಾಕಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಅಡ್ರೆಸ್ ಬದಲಾಗಿ, 'ನಿನ್ ಝಡ್ ಡ್ರೈವ್ ಎಲ್ಲಿ ಹೋತೋ' ಅಂತ ಒಳಗಿನಿಂದ ಕೂಗು ಬರುತ್ತದೆ. ಹಾಂ, ಇಂಟರ್ನೆಟ್ ಹೋದರೆ ಇದೂ ನಿಲ್ಲುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಇಲ್ಲ. ರೌಟರ್‌ಗೆ ಕರೆಂಟ್ ಇದ್ದರೆ ಸಾಕು, ಮನೆಯೊಳಗಿನ ಫೈಲ್ ಮನೆಯೊಳಗೇ ಓಡಾಡುತ್ತದೆ. ಡೇಟಾ ಪ್ಯಾಕ್ ಒಂದು ಎಂಬಿಯೂ ಖರ್ಚಾಗುವುದಿಲ್ಲ.

ಈಗ ವೇಗದ ವಿಷಯ. ನನಗೆ ತುಂಬ ಇಷ್ಟದ ಭಾಗ ಇದು, ಸ್ವಲ್ಪ ಸಹಿಸಿಕೊಳ್ಳಿ. ದೊಡ್ಡ ಫೈಲ್‌ಗೆ ವೈಫೈ ನಂಬಬೇಡಿ, ತಂತಿ ಎಳೆಯಿರಿ. ಆದರೆ ತಂತಿ ಎಳೆದ ಮೇಲೂ ನಿಧಾನ ಅನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಅಂತ ಇದೆಯಾ, 100 ಅಂತ ಇದೆಯಾ? ಇದು ಸೆಕೆಂಡಿಗೆ ಮೆಗಾಬಿಟ್ ಲೆಕ್ಕ, ಎಂಬಿ ಅಲ್ಲ. 100 ಆದರೆ ಸೆಕೆಂಡಿಗೆ ಸುಮಾರು 11 ಎಂಬಿ. 1000 ಆದರೆ ಸುಮಾರು 110. ಅಂದರೆ 100 ಜಿಬಿ ಕಾಪಿಗೆ ಅಲ್ಲಿ ಎರಡೂವರೆ ಗಂಟೆ, ಇಲ್ಲಿ ಕಾಲು ಗಂಟೆ. ಡಿಸ್ಕ್ ಅಷ್ಟು ವೇಗವಾಗಿ ಬರೆಯಬೇಕು ಅನ್ನಿ. ಕಡಿಮೆ ಬೆಲೆಯ ರೌಟರ್‌ಗಳಲ್ಲಿ ಪೋರ್ಟೇ 100ರದ್ದು ಇರುತ್ತದೆ. ಪೋರ್ಟ್ ಸರಿ ಇದ್ದರೂ 100 ತೋರಿಸಿದರೆ ಕೇಬಲ್ ಮೇಲೆ ಅನುಮಾನ ಪಡಿ. ಕ್ಯಾಟ್ 5ಇ ಕೇಬಲ್ ಒಳಗೆ ಎಂಟು ಎಳೆ, ನಾಲ್ಕು ಜೋಡಿ. 100ಕ್ಕೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. 100ಕ್ಕೆ ಬೇಡದ ಆ ಉಳಿದ ಎರಡು ಜೋಡಿಯಲ್ಲಿ ಒಂದು ಎಳೆ ತುದಿಯ ಕನೆಕ್ಟರ್‌ನಲ್ಲಿ ಸರಿಯಾಗಿ ಕೂರದಿದ್ದರೆ ಸಾಮಾನ್ಯವಾಗಿ ಸಂಪರ್ಕ ಕಡಿಯುವುದಿಲ್ಲ, ಸುಮ್ನೆ 100ಕ್ಕೆ ಇಳಿದು ಕೂತುಬಿಡುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಅಡುಗೆ ಮನೆ ಗೋಡೆಗುಂಟ ಹೋದ ಕೇಬಲ್‌ನಲ್ಲಿ ಆಗಿದ್ದೂ ಇದೇ. ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ, 1000 ಬಂತು.

ಇಷ್ಟಕ್ಕೆ ಮನೆಯವರೆಲ್ಲ ಖುಷಿ. ವೈನಿ ಫೋಟೊ ಹಾಕುತ್ತಾರೆ, ನಾನು ತೆಗೆಯುತ್ತೇನೆ. ಅಕ್ಕನ ಮದುವೆ ವಿಡಿಯೋವನ್ನು ಅವ್ವ ಟಿವಿಯಲ್ಲೇ ವಿಎಲ್‌ಸಿ ಹಾಕಿ ನೋಡುತ್ತಾಳೆ. ಅಣ್ಣ ಅಂತೂ 'ಎಲ್ಲಾ ಸರ್ವರ್‌ನಾಗ ಐತಲ್ಲ, ಇನ್ನ ಬ್ಯಾಕಪ್ ಚಿಂತಿ ಇಲ್ಲ ಬಿಡು' ಅಂದ.

ಚಿಂತೆ ಶುರುವಾಗುವುದೇ ಅಲ್ಲಿಂದ. ಮೊದಲು ಆ ಸೀರೆ ಫೋಟೊ ವೈನಿಯ ಲ್ಯಾಪ್‌ಟಾಪ್‌ನಲ್ಲಿ ಇತ್ತು, ಅಳಿಸುವ ಕೈ ಒಂದೇ. ಈಗ ಹಂಚಿದ ಫೋಲ್ಡರ್‌ನಲ್ಲಿದೆ, ಅಳಿಸಬಲ್ಲ ಕೈ ನಾಲ್ಕು. ಅದೂ ಅಲ್ಲದೆ ನೆಟ್‌ವರ್ಕ್ ಡ್ರೈವ್‌ನಲ್ಲಿ ಅಳಿಸಿದ ಫೈಲ್ ವಿಂಡೋಸ್‌ನ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ನೇರ ಹೋಗಿಬಿಡುತ್ತದೆ. ಸಾಂಬಾದಲ್ಲಿ ರೀಸೈಕಲ್ ಅನ್ನುವ ಮಾಡ್ಯೂಲ್ ಇದೆ, ಅದನ್ನು ಹಾಕಿಕೊಂಡರೆ ಅಳಿಸಿದ್ದು ಒಂದು ಫೋಲ್ಡರ್‌ಗೆ ಬಂದು ಬೀಳುತ್ತದೆ. ಹಾಕಿಕೊಳ್ಳಿ, ಒಳ್ಳೆಯದೇ. ಆದರೆ ರಾನ್ಸಮ್‌ವೇರ್ ಬಂದರೆ ಅದರಿಂದ ಉಪಯೋಗವಿಲ್ಲ. ವೈನಿಯ ಲ್ಯಾಪ್‌ಟಾಪ್‌ಗೆ ಅಂಥದ್ದು ಹೊಕ್ಕರೆ ಸಿ ಡ್ರೈವ್ ಜೊತೆ ಝಡ್ ಡ್ರೈವ್ ಕೂಡ ಅದರ ಕೈಗೆ ಸಿಗುತ್ತದೆ. ಬರೆಯುವ ಹಕ್ಕು ವೈನಿಗೆ ಇದೆ ಅಂದರೆ ವೈರಸ್‌ಗೂ ಇದೆ ಅಂತ ಅರ್ಥ. ಎರಡು ಕಡೆ ತಾನಾಗಿ ಸಿಂಕ್ ಆಗುವ ಆ್ಯಪ್‌ಗಳ ಕಥೆಯೂ ಹೆಚ್ಚುಕಡಿಮೆ ಇದೇ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ.

ಅದಕ್ಕೇ ಅಟ್ಟದ ಮೇಲಿನ ಪೈ. ಅದರಲ್ಲಿ ಸಾಂಬಾ ಇಲ್ಲ, ಹಂಚಿದ ಫೋಲ್ಡರ್ ಇಲ್ಲ, ಯಾರ ಕಂಪ್ಯೂಟರ್‌ನಲ್ಲೂ ಅದರ ಡ್ರೈವ್ ಕಾಣಿಸುವುದಿಲ್ಲ. ರಾತ್ರಿ 2 ಗಂಟೆಗೆ ಅದೇ ಕೆಳಗಿನ ಡೆಸ್ಕ್‌ಟಾಪ್‌ಗೆ ಬಂದು, ಓದುವ ಹಕ್ಕು ಮಾತ್ರ ಇರುವ ಯೂಸರ್‌ನಿಂದ ಫೈಲ್‌ಗಳನ್ನು ಎಳೆದುಕೊಂಡು ಹೋಗುತ್ತದೆ. ಬಾವಿಗೆ ಕೊಡ ಇಳಿಸಿ ಸೇದಿಕೊಂಡಂತೆ, ನೀರು ತಾನಾಗಿ ಮೇಲೆ ಹತ್ತುವ ದಾರಿಯೇ ಇಲ್ಲ. ಡೆಸ್ಕ್‌ಟಾಪ್ ಕೆಟ್ಟವರ ಕೈಗೆ ಸಿಕ್ಕರೂ ಪೈ ಒಳಗೆ ಹೋಗುವ ಕೀಲಿ ಅದರಲ್ಲಿ ಇಲ್ಲ.

ಎಳೆಯುವ ಕೆಲಸ ಮಾಡುವುದು ಆರ್‌ಸಿಂಕ್ ಅನ್ನುವ ಕಾಪಿ ಮಾಡುವ ಸಾಫ್ಟ್‌ವೇರ್. ಒಂದು ಮಜಾ ಹೇಳಬೇಕು. ಸಾಂಬಾ ಶುರು ಮಾಡಿದ್ದು ಆ್ಯಂಡ್ರ್ಯೂ ಟ್ರಿಜೆಲ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದಾಗ, 1991ರ ಕೊನೆಗೆ. 1996ರಲ್ಲಿ ಪಾಲ್ ಮ್ಯಾಕೆರಸ್ ಜೊತೆ ಸೇರಿ ಆರ್‌ಸಿಂಕ್ ಹೊರತಂದವರೂ ಅವರೇ. ಹಂಚಲು ಒಂದು ಸಾಧನ, ಕಾಪಿ ಮಾಡಲು ಇನ್ನೊಂದು. ಅಣ್ಣನಿಗೆ ಇದನ್ನೇ ತೋರಿಸಿದೆ.

ಆರ್‌ಸಿಂಕ್‌ನಲ್ಲಿ ಲಿಂಕ್-ಡೆಸ್ಟ್ ಅಂತ ಒಂದು ಆಯ್ಕೆ ಇದೆ. ಸ್ಕ್ರೀನ್ ಮೇಲೆ ಕಾಣುತ್ತಿದೆ ನೋಡಿ, ದಿನಕ್ಕೊಂದು ತಾರೀಖಿನ ಫೋಲ್ಡರ್. ಪ್ರತಿಯೊಂದನ್ನು ತೆರೆದರೂ ಆ ದಿನದ ಎಲ್ಲ ಫೈಲ್ ಪೂರ್ತಿ ಇದೆ. ಆದರೆ ಬದಲಾಗದ ಫೈಲ್‌ಗೆ ಹೊಸ ಜಾಗ ಹೋಗಿಲ್ಲ, ಹಿಂದಿನ ಪ್ರತಿಗೇ ಕೊಂಡಿ ಹಾಕಿರುತ್ತದೆ. ಅಪ್ಪನ 26 ಎಂಬಿ ಫೋಟೊ ಎಲ್ಲ ದಿನಗಳ ಫೋಲ್ಡರ್‌ನಲ್ಲೂ ಕಂಡರೂ ಡಿಸ್ಕ್‌ನಲ್ಲಿ ಒಂದೇ ಸಲ ಇದೆ. ಇದಕ್ಕಾಗಿ ಡಿಸ್ಕ್ ಲಿನಕ್ಸ್‌ನ ಎಕ್ಸ್‌ಟಿ4 ಫಾರ್ಮ್ಯಾಟ್ ಆಗಿರಬೇಕು, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಈ ಕೊಂಡಿ ಆಗುವುದಿಲ್ಲ. ಹಾಗಾಗಿ ಕೆಳಗಿನದೆಲ್ಲ ಲಾಕ್ ಆಗಿ, ಆ ಹಾಳಾದ ಫೈಲ್‌ಗಳನ್ನೇ ಪೈ ಎಳೆದುಕೊಂಡರೂ, ನಿನ್ನೆಯ ಫೋಲ್ಡರ್ ನಿನ್ನೆಯಂತೆಯೇ ಇರುತ್ತದೆ. ಡಿಸ್ಕ್ ತುಂಬುವ ಮೊದಲು ಗೊತ್ತಾಗಬೇಕು, ಅಷ್ಟೇ.

ಒಂದು ಸಣ್ಣ ಎಚ್ಚರಿಕೆ. ಲೆಕ್ಕದ ಸಾಫ್ಟ್‌ವೇರ್ ತೆರೆದಿರುವಾಗ ಅದರ ಫೈಲ್ ಕಾಪಿ ಮಾಡಿದರೆ ಅರ್ಧಂಬರ್ಧ ಬರಬಹುದು. ಅಣ್ಣ ಮಲಗುವ ಮುಂಚೆ ಅದನ್ನು ಮುಚ್ಚಬೇಕು. ಇದನ್ನು ಯಾವ ಆರ್‌ಸಿಂಕೂ ಮಾಡಿಕೊಡುವುದಿಲ್ಲ.

ಇಷ್ಟಾದರೂ ಎಲ್ಲವೂ ಒಂದೇ ಸೂರಿನಡಿ ಇದೆ ಅಲ್ವಾ? ಪೀಟರ್ ಕ್ರೋಗ್ ಅನ್ನುವ ಫೋಟೊಗ್ರಾಫರ್ 3-2-1 ಅಂತ ಒಂದು ಲೆಕ್ಕ ಹೇಳಿಕೊಟ್ಟಿದ್ದಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ಆ ಕೊನೆಯ ಒಂದನ್ನು ಹೊರಗಿನವರಿಗೆ ಒಪ್ಪಿಸುವುದು ಕಷ್ಟ. ಅಪ್ಪನಿಗೆ ಒಂದೇ ಮಾತಿಗೆ ಹೊಳೆಯಿತು. 'ಊರ ಮುಳುಗೇತಿ, ಮನಿ ಯಾವ ಲೆಕ್ಕ. ಒಂದು ವಿಜಾಪುರದಾಗ ಇರ್ಲಿ' ಅಂದರು. ತಂಗಿ ಮನೆ ವಿಜಯಪುರದಲ್ಲಿದೆ. ಎರಡು ಡಿಸ್ಕ್ ಇಟ್ಟಿದ್ದೇವೆ, ಎರಡನ್ನೂ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ್ದೇನೆ. ಸಂಕ್ರಮಣಕ್ಕೆ ಸಿದ್ದೇಶ್ವರ ಜಾತ್ರೆಗೆ ಹೋದಾಗ ಒಂದು ಹೋಗುತ್ತದೆ, ಹಳೆಯದು ವಾಪಸ್ ಬರುತ್ತದೆ. ಯುಗಾದಿಗೆ, ದೀಪಾವಳಿಗೆ ಮತ್ತೆ ಅದಲುಬದಲು.

ಹೀಗೆ ನಡೆಯುತ್ತಿದ್ದಾಗಲೇ ಅಣ್ಣ 'ಇದು ಎರಡ ಸಲ ಐತಿ' ಅಂತ ಚಿಕ್ಕಿ ಪರಾಸದ ಫೋಲ್ಡರ್ ಅಳಿಸಿದ. ಎರಡು ಸಲ ಇರಲಿಲ್ಲ. ವೈನಿ ಫೋನ್ ಹಿಡಿದುಕೊಂಡೇ ಬಂದರು. ಗಿರಾಕಿ ಲೈನಿನಲ್ಲೇ ಇದ್ದರು, ಸೆರಗಿನ ಫೋಟೊ ಈಗಲೇ ಬೇಕಂತೆ. ಪೈ ತೆರೆದು, ಹಿಂದಿನ ದಿನದ ಫೋಲ್ಡರ್‌ನಿಂದ ತೆಗೆದು ಕೊಟ್ಟೆ. ಗಿರಾಕಿ ನೋಡಿ, ಸೀರೆ ಚಂದ ಐತಿ, ಬೆಲೆ ಜಾಸ್ತಿ ಆಯ್ತು ಅಂದರಂತೆ. ಫೈಲ್ ಮಾತ್ರ ಎಲ್ಲ ಸಿಕ್ಕವು.